ಎಲುಬು ಜೀವವುಳ್ಳದ್ದು

ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ಮಾಡಿಸಿದಾಗ ನೂತನ ಶಿಲಾಯುಗದ ಜನರ ಅಸ್ಥಿಗಳು ದೊರೆತವು. ಆ ಜನರು ತಮ್ಮ ಕೂಸುಗಳನ್ನು ಮಣ್ಣಿನ ಗಡಿಗೆಗಳಲ್ಲಿ ಇಟ್ಟು ಹೂಳುತ್ತಿದ್ದರು. ಮೂರು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಲ್ಲಿ ಚರ್ಮವೂ ಮಾಂಸವೂ ಮಣ್ಣಾದವು. ಎಲುಬು ಮಾತ್ರ ಉಳಿಯಿತು. ಇದನ್ನು ಕೇಳಿದವರು ಎಲುಬನ್ನು ಕಲ್ಲಿನಂತೆ ಜಡವಾದದ್ದೆಂದು ಎಣಿಸಬಹುದು. ಆದರೆ ಬದುಕಿರುವವನ ಎಲುಬು ಹಾಗಲ್ಲ. ಅದು ರಕ್ತವನ್ನು ಕುಡಿಯುತ್ತದೆ, ಬೆಳೆಯುತ್ತದೆ, ಮುರಿದರೆ ತಾನಾಗಿ ಕೂಡಿಕೊಳ್ಳುತ್ತದೆ. ನಾವು ಕೊಟ್ಟದ್ದನ್ನು, ಒಳ್ಳೆಯದಾಗಲಿ ಕೆಟ್ಟದಾಗಲಿ, ತನ್ನೊಳಗೆ ಸೇರಿಸಿಕೊಳ್ಳುತ್ತದೆ.

1. ರಚನೆ. ಎಲುಬಿನಲ್ಲಿ ಎರಡು ಪದಾರ್ಥಗಳು ಕೂಡಿವೆ. ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುಣ್ಣದ ಲವಣಗಳು. ಉಳಿದದ್ದರಲ್ಲಿ ಹೆಚ್ಚಿನ ಪಾಲು ನಾರಿನಂಥ ಮೆತ್ತನೆಯ ವಸ್ತು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೋಳಿಯ ಒಂದು ಕಾಲೆಲುಬನ್ನು ಕೆಲವು ದಿವಸ ವಿನೆಗರಿನಲ್ಲಿ ನೆನೆಯಿಡಿರಿ. ಸುಣ್ಣವು ಕರಗಿ ಎಲುಬು ಬಳ್ಳಿಯಂತೆ ಬಾಗುವುದು. ಇನ್ನೊಂದನ್ನು ಕೆಂಡದಲ್ಲಿ ಚೆನ್ನಾಗಿ ಸುಡಿರಿ. ನಾರು ಉರಿದುಹೋಗಿ, ಆಕಾರ ಉಳಿದರೂ ಎಲುಬು ಬೆರಳಿಗೆ ಪುಡಿಯಾಗುವುದು. ಸುಣ್ಣವು ಗಟ್ಟಿತನವನ್ನೂ ನಾರು ಬಾಗುವ ಗುಣವನ್ನೂ ಕೊಡುತ್ತವೆ. ಎಲುಬಿನ ಹೊರಮೈ ದಟ್ಟವಾಗಿಯೂ ಒಳಗು ಜೇನುಹುಟ್ಟಿನಂತೆ ರಂಧ್ರಮಯವಾಗಿಯೂ ಇದೆ. ಆದಕಾರಣ ಅದು ಹಗುರವಾಗಿದ್ದು ಭಾರವನ್ನು ಹೊರಬಲ್ಲದು.

2. ವಿಧಗಳು. ಪ್ರಾಯಸ್ಥನ ದೇಹದಲ್ಲಿ 206 ಎಲುಬುಗಳಿವೆ. ಕೂಸಿನಲ್ಲಿ ಇದಕ್ಕಿಂತ ಹೆಚ್ಚು. ಬೆಳೆಯುತ್ತಾ ಕೆಲವು ಒಂದಾಗಿ ಕೂಡುತ್ತವೆ. ತೊಡೆಯದೂ ತೋಳಿನದೂ ಉದ್ದ ಎಲುಬುಗಳು, ಮಣಿಕಟ್ಟಿನವು ಗಿಡ್ಡ, ತಲೆಬುರುಡೆ, ಪಕ್ಕೆ, ಹೆಗಲ ಹಲಗೆ ಇವು ಚಪ್ಪಟೆ, ಬೆನ್ನಿನ ಮಣಿಗಳು ಸಮವಲ್ಲದ ಆಕಾರದವು, ಮೊಣಕಾಲಿನ ಚಿಪ್ಪು ಗುಂಡು ಎಲುಬು.

3. ಕೆಲಸಗಳು. ಎಲುಬುಗಳು ದೇಹವನ್ನು ನೆಟ್ಟಗೆ ನಿಲ್ಲಿಸುತ್ತವೆ; ಬುರುಡೆಯು ಮಿದುಳನ್ನೂ ಪಕ್ಕೆಗಳು ಹೃದಯವನ್ನೂ ಕಾಯುತ್ತವೆ; ಮಾಂಸಖಂಡಗಳು ಎಳೆಯುವಾಗ ಕೀಲುಗಳಲ್ಲಿ ಚಲಿಸಿ ನಡೆಯಿಸುತ್ತವೆ. ಕೆಂಪು ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟುತ್ತವೆ. ದೇಹದ ಸುಣ್ಣದಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಲುಬು ಹಲ್ಲುಗಳಲ್ಲಿಯೇ ಇದೆ. ರಕ್ತಕ್ಕೆ ಸುಣ್ಣವು ಕಡಿಮೆಯಾದರೆ ಎಲುಬು ಕಣಜದಂತೆ ಅದನ್ನು ಅಳೆದು ಕೊಡುತ್ತದೆ. ನಾವು ತಿರುಗಿ ತುಂಬದಿದ್ದರೆ ಕಣಜವು ಬರಿದಾಗುವುದು.

4. ನಮ್ಮ ಸೀಮೆಯ ನೀರು. ಇದನ್ನು ವಿಶೇಷವಾಗಿ ಲಕ್ಷಿಸತಕ್ಕದ್ದು. ಬಳ್ಳಾರಿಯ ಕೋಟೆ ನಿಂತಿರುವ ಬೆಟ್ಟವೂ ಕುರುಗೋಡಿನ ಗುಡ್ಡಗಳೂ ಕಣಶಿಲೆಯವು. ಇಂಥ ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರಿನೊಳಗೆ ಫ್ಲೋರೈಡ್ ಎಂಬ ಲವಣವು ಕರಗಿ ಸೇರುತ್ತದೆ. ಬಳ್ಳಾರಿ ಜಿಲ್ಲೆಯ ಅನೇಕ ಕೊಳವೆಬಾವಿಗಳಲ್ಲಿ ಅದು ಮಿತಿಮೀರಿದೆ. ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರಿಲ್ಲದಲ್ಲಿ 1.5ನ್ನು ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು ಅದನ್ನು ಸುಣ್ಣದೊಂದಿಗೆ ಬೆರೆಸಿಕೊಳ್ಳುತ್ತದೆ. ಮೊದಲು ಮಕ್ಕಳ ಹಲ್ಲುಗಳಲ್ಲಿ ಬಿಳಿ, ಕಂದು ಕಲೆಗಳು ಕಾಣುವವು, ಮುಂದೆ ಕೀಲುನೋವು, ಕಡೆಗೆ ಕತ್ತೂ ಬೆನ್ನೂ ಬಿಗಿದು, ಮನುಷ್ಯನು ಬಾಗಲಾರನು, ತಿರುಗಲಾರನು. ಭಾರತದಲ್ಲಿ ಈ ರೋಗವನ್ನು 1937ರಲ್ಲಿ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ ಪ್ರಕಟಿಸಿದರು. ಆಗ ನೆಲ್ಲೂರೂ ಬಳ್ಳಾರಿಯೂ ಒಂದೇ ಮದ್ರಾಸು ಪ್ರಾಂತಕ್ಕೆ ಸೇರಿದ್ದವು.

ಬಿಗಿದ ಬೆನ್ನನ್ನು ಮೊದಲಿನಂತೆ ಮಾಡುವ ಔಷಧವಿಲ್ಲ, ತಡೆಯುವುದೊಂದೇ ದಾರಿ. ನೀರನ್ನು ಕುದಿಸಿದರೆ ಕ್ರಿಮಿಗಳು ಸಾಯುವವೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿ ಕಡಿಮೆಯಾದಷ್ಟೂ ಅದು ದಟ್ಟವಾಗುವುದು. ಬಟ್ಟೆಯಲ್ಲಿ ಸೋಸಿದರೂ ಹೋಗದು. ರುಚಿಯಿಂದಲೂ ಬಣ್ಣದಿಂದಲೂ ತಿಳಿಯದು. ಆದಕಾರಣ ಊರಿನ ಕೊಳವೆಬಾವಿಯ ನೀರನ್ನು ಪಂಚಾಯಿತಿಯ ಮೂಲಕ ಪರೀಕ್ಷೆ ಮಾಡಿಸಿರಿ. ಕುಡಿಯುವುದಕ್ಕೂ ಅಡಿಗೆಗೂ ಮಳೆಯ ನೀರನ್ನಾಗಲಿ, ಶುದ್ಧೀಕರಿಸಿದ ಹೊಳೆಯ ನೀರನ್ನಾಗಲಿ, ಫ್ಲೋರೈಡ್ ತೆಗೆಯುವ ಘಟಕದ ನೀರನ್ನಾಗಲಿ ಉಪಯೋಗಿಸಿರಿ. ಕೆಟ್ಟ ಬಾವಿಯ ನೀರು ಬಟ್ಟೆ ಒಗೆಯುವುದಕ್ಕೆ ಇರಲಿ.

ಆಹಾರವೂ ಮುಖ್ಯ. ನಮ್ಮ ಜೋಳದ ರೊಟ್ಟಿಯಲ್ಲಿಯೂ ಅನ್ನದಲ್ಲಿಯೂ ಸುಣ್ಣದ ಅಂಶ ಸ್ವಲ್ಪವೇ. ನೂರು ಗ್ರಾಂ ರಾಗಿಯಲ್ಲಿಯಾದರೋ 300 ಮಿಲಿಗ್ರಾಮಿಗೂ ಹೆಚ್ಚುಂಟು. ಹಾಲು, ಮಜ್ಜಿಗೆ, ನುಗ್ಗೆಸೊಪ್ಪು ಇವುಗಳನ್ನೂ ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಕೊಡಿರಿ. ಸುಣ್ಣವು ಮೈಗೆ ಹತ್ತುವುದಕ್ಕೆ ಬಿಸಿಲೂ ಬೇಕು.

ಎಳೆಯ ಎಲುಬು ದಿನದಿನವೂ ಕಟ್ಟಲ್ಪಡುತ್ತಿದೆ. ಅದಕ್ಕೆ ಯಾವ ನೀರು, ಯಾವ ಕೂಳು ಎಂಬುದನ್ನು ಮಗುವು ಆರಿಸಿಕೊಳ್ಳಲಾರದು, ಆರಿಸುವವರು ನಾವೇ.

ಪ್ರಶ್ನೆಗಳು: (1) ಸುಟ್ಟ ಎಲುಬು ಏಕೆ ಪುಡಿಯಾಗುತ್ತದೆ? (2) ಎಲುಬನ್ನು ಕಣಜಕ್ಕೆ ಹೋಲಿಸುವುದೇಕೆ? (3) ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಅದನ್ನು ಪರೀಕ್ಷಿಸಿದ್ದುಂಟೋ?