ನೆರಳು ಸರಿದರೂ ಗೂಟ ಸರಿಯದು: ಬೇಸಿಗೆಯಲ್ಲಿ ಕಾವಲು ನಾಯಿ

ಮಾರ್ಚ್ ದಾಟಿತೆಂದರೆ ಅಕ್ಕಲಕೋಟ ರಸ್ತೆಯ ಎಂಐಡಿಸಿಯಿಂದ ಕುಂಭಾರಿ, ವಳಸಂಗದ ಹೊಲಮನೆಗಳವರೆಗೆ ಎರಡೇ ದೂರು. ಒಂದು, ಮಧ್ಯಾಹ್ನ ನಾಯಿ ಏದುಸಿರು ಬಿಡುತ್ತ ಕುಸಿಯಿತು, ಜೊಲ್ಲು ಇಳಿಯುತ್ತಿದೆ, ಕಾಲು ಸೆಟೆದಿವೆ. ಇನ್ನೊಂದು, ನಾಲ್ಕು ದಿನದಿಂದ ರೊಟ್ಟಿ ಮೂಸಿಯೂ ನೋಡಿಲ್ಲ, ಕಿವಿ ತುಂಬ ಉಣ್ಣಿ, ಮೂಗಿನಲ್ಲಿ ರಕ್ತ. ಹೋಗಿ ನೋಡಿದರೆ ಎರಡೂ ಕಡೆ ಕಾಣುವುದು ಒಂದೇ: ನೆಲಕ್ಕೆ ಹೊಡೆದ ಗೂಟ, ಮೂರು ಅಡಿ ಸರಪಳಿ, ನಾಯಿ ಸುತ್ತಿ ಸುತ್ತಿ ಸವೆಸಿದ ಮಣ್ಣು.

ಗೂಟ ಹೊಡೆದದ್ದು ಬೆಳಿಗ್ಗೆ, ಅಲ್ಲಿ ನೆರಳಿದ್ದಾಗ. ಹನ್ನೊಂದಕ್ಕೆ ನೆರಳು ಜಾಗ ಬಿಡುತ್ತದೆ, ನಾಯಿ ಬಿಡಲಾರದು. ಮಗ್ಗದ ಶೆಡ್ಡುಗಳಲ್ಲಿ ಇನ್ನೂ ಕೆಟ್ಟದ್ದು. ಕಟ್ಟಿದ್ದು ತಗಡಿನ ಕೆಳಗೆ, ಹಾಗಾಗಿ 'ನೆರಳಿನಲ್ಲೇ ಇದೆಯಲ್ಲ ಸಾಹೇಬರ' ಎನ್ನುತ್ತಾರೆ. ಹೊರಗೆ 42 ಡಿಗ್ರಿ ಇರುವಾಗ ಕಾದ ತಗಡಿನ ಕೆಳಗೆ ಎಷ್ಟಿರುತ್ತದೆ ಎಂದು ತಿಳಿಯಲು ಅಲ್ಲೇ ಅರ್ಧ ಗಂಟೆ ಕೂತು ನೋಡಿ. ರಜೆಯ ದಿನ ಶೆಡ್ಡಿಗೆ ಬೀಗ, ಜರ್ಮನ್ ತಾಟಿನಲ್ಲಿ ನೀರು. ಸರಪಳಿ ತಾಗಿ ತಾಟು ಮಗುಚಿದರೆ ಮರುದಿನದವರೆಗೆ ಕೇಳುವವರಿಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಕಾವು ಕಳೆಯಬೇಕು. ಇದಕ್ಕಿಂತ ಹೆಚ್ಚು ಶರೀರಶಾಸ್ತ್ರ ಇಲ್ಲಿ ಬೇಡ. ಪುಣೆಯಿಂದ ತಂದ ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗೆ ಅಷ್ಟೂ ಆಗದು, ಅದು ಮಧ್ಯಾಹ್ನ ಮನೆಯೊಳಗೇ ಇರಲಿ. 'ನಮ್ಮದು ಕಾರವಾನಿ, ಬಿಸಿಲಿಗೆ ಜಗ್ಗಲ್ಲ' ಎನ್ನುವವರೂ ಇದ್ದಾರೆ. ಕಾರವಾನಿ, ಅಂದರೆ ಮುಧೋಳದ ನಾಯಿ, ಗಟ್ಟಿ ತಳಿ ಹೌದು. 2016ರಲ್ಲಿ ಸೈನ್ಯವೂ ಅದರ ಮರಿಗಳನ್ನು ತರಬೇತಿಗೆ ಒಯ್ದಿತು. ಆದರೆ ಬಿಸಿಲು ತಡೆಯುವುದು ತನ್ನ ನೆರಳನ್ನು ತಾನೇ ಹುಡುಕಿಕೊಳ್ಳುವ ನಾಯಿ. ಕುರಿ ಹಿಂಡಿನ ಹಿಂದೆ ಹೋಗುವ ನಾಯಿ ನಡುಹಗಲಲ್ಲಿ ಜಾಲಿಯ ಬುಡದಲ್ಲಿ ಮಣ್ಣು ಕೆದರಿ ಮಲಗುತ್ತದೆ. ನಿಮ್ಮ ಸರಪಳಿಯಲ್ಲಿ ಆ ಅನುಕೂಲ ಎಲ್ಲಿದೆ?

ಮಾಡಬೇಕಾದದ್ದು ಇಷ್ಟು. ಪೂರ್ವ-ಪಶ್ಚಿಮವಾಗಿ ನಿಂತ ಎರಡು ಬೇವಿನ ಮರಗಳ ನಡುವೆ ಆಳೆತ್ತರದಲ್ಲಿ 20-25 ಅಡಿ ಗಟ್ಟಿ ತಂತಿ ಎಳೆಯಿರಿ. ಬೆಳಿಗ್ಗೆ ಪೂರ್ವದ ಮರದ ನೆರಳು, ಸಂಜೆ ಪಶ್ಚಿಮದ ಮರದ ನೆರಳು ತಂತಿಯ ಕೆಳಗೇ ಬೀಳುತ್ತದೆ. ತಂತಿಗೆ ಒಂದು ಬಳೆ, ಬಳೆಗೆ ನಾಯಿ ನೆಲದ ಮೇಲೆ ಆರಾಮಾಗಿ ಮಲಗುವಷ್ಟು ಉದ್ದದ ಹಗ್ಗ. ಹಗ್ಗ ಬುಡಕ್ಕೆ ಸುತ್ತಿಕೊಳ್ಳದಂತೆ ಎರಡೂ ತುದಿಯಲ್ಲಿ ಮರಕ್ಕೆ ಮೂರು ಅಡಿ ಮೊದಲೇ ಗಂಟು ಹಾಕಿ. ಇಷ್ಟೇ ಖರ್ಚು. ತಗಡಿನ ಶೆಡ್ಡೇ ಗತಿಯಾದರೆ ತಗಡಿನ ಮೇಲೆ ಜೋಳದ ಕಣಿಕೆ ಹೊದಿಸಿ, ಬದಿಗೆ ಒದ್ದೆ ಗೋಣಿತಾಟು ಇಳಿಬಿಡಿ. ಗೋಣಿತಾಟು ಬದಿಗೆ ಎಂದೆ, ನಾಯಿಯ ಮೈಮೇಲೆ ಅಲ್ಲ.

ನೀರಿನ ಲೆಕ್ಕ: ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 60 ಮಿ.ಲೀ., ಬೇಸಿಗೆಯಲ್ಲಿ ಅದರ ಎರಡು ಪಟ್ಟು. 20 ಕಿಲೋ ನಾಯಿಗೆ ಎರಡೂವರೆ ಲೀಟರ್ ಬೇಕು. ಭಾರದ ಮಣ್ಣಿನ ಕುಂಡ ಎರಡು ಇಡಿ, ಒಂದು ಮಗುಚಿದರೆ ಇನ್ನೊಂದು ಉಳಿಯಲಿ. ಊಟ ಬಿಸಿಲೇರುವ ಮೊದಲು ಮತ್ತು ಹೊತ್ತು ಮುಳುಗಿದ ಮೇಲೆ. ಉಳ್ಳಾಗಡ್ಡಿ-ಬೆಳ್ಳುಳ್ಳಿ ಹಾಕಿದ ಉಳಿದ ಸಾರು ಬೇಡ, ರಕ್ತ ಕೆಡುತ್ತದೆ. ದ್ರಾಕ್ಷಿ ಬೆಳೆಗಾರರು ಕೇಳಿ: ಮನುಕ ಒಣಗಿಸುವ ಶೆಡ್ಡಿನ ಕಾವಲಿಗೆ ನಾಯಿ ಬಿಡಬೇಡಿ. ದ್ರಾಕ್ಷಿಯೂ ಮನುಕವೂ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ, ಎಷ್ಟು ತಿಂದರೆ ಅಪಾಯ ಎಂದು ಅಳತೆ ಹೇಳಲಾಗದು.

ನಾಯಿ ಕುಸಿದರೆ ಮೊದಲು ನೆರಳು, ನಂತರ ಫೋನು. ಹೊಟ್ಟೆ, ತೊಡೆಸಂದಿ, ಪಾದಕ್ಕೆ ಸಾದಾ ನೀರು ಸುರಿಯುತ್ತ ಫ್ಯಾನು ಹಚ್ಚಿ. ಐಸು ಬೇಡ. ಒದ್ದೆ ಗೋಣಿ ಸುತ್ತಿ ಮಲಗಿಸಬೇಡಿ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ: 101ರಿಂದ 102.5 ಫ್ಯಾರನ್‌ಹೀಟ್ ಸಹಜ, 105 ದಾಟಿದರೆ ಜೀವದ ಪ್ರಶ್ನೆ. 103ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈ ಮಿತಿಮೀರಿ ತಣ್ಣಗಾಗುತ್ತದೆ. ಎಚ್ಚರ ತಪ್ಪಿದ ನಾಯಿಯ ಬಾಯಿಗೆ ನೀರು ಹಾಕಿದರೆ ಅದು ಪುಪ್ಪುಸಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್ ಕೊಟ್ಟು ಕಾಯಬೇಡಿ: ಇದು ಜ್ವರವಲ್ಲ, ಕಾವು, ಗುಳಿಗೆಗೆ ಇಳಿಯುವುದಿಲ್ಲ. ಬೆಕ್ಕಿಗಂತೂ ಆ ಗುಳಿಗೆ ಒಂದೇ ಸಾಕು, ಸಾಯುತ್ತದೆ. ನಾಯಿ ಎದ್ದು ಓಡಾಡಿದರೂ ದವಾಖಾನೆಗೆ ತನ್ನಿ. ಎರಡು ಮೂರು ದಿನ ಬಿಟ್ಟು ಮೂತ್ರಪಿಂಡ ಕೈಕೊಡುವುದುಂಟು.

ಇನ್ನು ಉಣ್ಣಿ. ಇಲ್ಲೂ ಅದೇ ಗೂಟ. ನಾಯಿಯ ಕಂದು ಉಣ್ಣಿ ರಕ್ತ ಕುಡಿದು ಉದುರಿ, ಹತ್ತಿರದ ಗೋಡೆಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳು ಹೊರಬಂದಾಗ ನಾಯಿ ಅಲ್ಲೇ ಕಟ್ಟಿಸಿಕೊಂಡು ಕಾದಿರುತ್ತದೆ. ಮೈಮೇಲೆ ಕಾಣುವುದಕ್ಕಿಂತ ಬಹಳ ಹೆಚ್ಚು ಉಣ್ಣಿ ಗೋಡೆಯಲ್ಲಿದೆ, ಹಸಿದ ದೊಡ್ಡ ಉಣ್ಣಿ ಒಂದು ವರ್ಷ ಮೀರಿ ಕಾಯಬಲ್ಲದು. ಆದ್ದರಿಂದ ಜಾಗ ಬದಲಿಸಿ, ಬಿರುಕು ಮೆತ್ತಿ, ಸುಣ್ಣ ಬಳಿಯಿರಿ. ಗೋಡೆಗೆ ಬೆಂಕಿ ತೋರಿಸುವ ಹಳೆಯ ಉಪಾಯ ಮಗ್ಗದ ಶೆಡ್ಡಿನಲ್ಲಿ ಬೇಡವೇ ಬೇಡ, ಸುತ್ತ ಹತ್ತಿಯ ಧೂಳಿದೆ.

ಮೈಗೆ ಹಚ್ಚುವ ಔಷಧದ ವಿಷಯದಲ್ಲಿ ನನ್ನ ತಾಳ್ಮೆ ಮುಗಿದಿದೆ. 'ದಾಳಿಂಬೆಗೆ ಹೊಡಿಯೂದು ಉಳದಿತ್ರಿ, ಅದನ್ನ ಒಂದು ಮುಚ್ಚಳ ಹಾಕಿ ಮೈ ತೊಳದೇವಿ.' ಯಾವ ಮುಚ್ಚಳ? ಎಷ್ಟು ನೀರಿಗೆ? ಪಶುಗಳಿಗೆಂದು ಬರುವ ಡೆಲ್ಟಾಮೆಥ್ರಿನ್ 1.25 ಶೇಕಡಾ. ಬೆಳೆಗೆ ಬರುವುದು 2.8 ಅಥವಾ 11 ಶೇಕಡಾ, ಅದರ ದ್ರಾವಕವೂ ಬೇರೆ. 11ರ ಬಾಟಲಿಯಿಂದ ಪಶುಗಳ ಔಷಧದ ಅಳತೆಯಲ್ಲೇ 2 ಮಿ.ಲೀ. ಎತ್ತಿದರೆ ನಾಯಿಗೆ ಬೀಳುವುದು ಸುಮಾರು ಒಂಬತ್ತು ಪಟ್ಟು. ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಹಚ್ಚಿದವರ ನಾಯಿಗಳು ಜೊಲ್ಲು ಸುರಿಸುತ್ತ, ನಡುಗುತ್ತ ಬರುತ್ತವೆ. ಹಾಗಾದರೆ ಸಾಬೂನು ನೀರಿನಿಂದ ಮೈ ತೊಳೆದು ಬಾಟಲಿಯ ಸಮೇತ ಓಡಿ ಬನ್ನಿ. ಹಾಲು, ಹುಣಸೆ ಹುಳಿ ಕುಡಿಸುತ್ತ ಹೊತ್ತು ಕಳೆಯಬೇಡಿ.

ಸರಿಯಾದ ಪ್ರಮಾಣ ಬರೆದಿಟ್ಟುಕೊಳ್ಳಿ: ಪಶುಗಳ 1.25 ಶೇಕಡಾ ಡೆಲ್ಟಾಮೆಥ್ರಿನ್ ಒಂದು ಲೀಟರ್ ನೀರಿಗೆ 2 ಮಿ.ಲೀ. ಸೂಜಿ ತೆಗೆದ ಸಿರಿಂಜಿನಿಂದ ಅಳೆಯಿರಿ. ಬೆಳೆಗೆ ಬಳಸಿದ ಪಂಪು ಮುಟ್ಟಬೇಡಿ, ಬಟ್ಟೆ ಅದ್ದಿ ಒರೆಸಿದರೆ ಸಾಕು. ಕಣ್ಣು, ಬಾಯಿ, ಗಾಯ ಬಿಟ್ಟು, ಸಂಜೆ ಹೊತ್ತು. ಆರುವವರೆಗೆ ಬಾಯಿಗೆ ಪಟ್ಟಿ ಕಟ್ಟಿ ನೆಕ್ಕದಂತೆ ನೋಡಿಕೊಳ್ಳಿ, ಪಟ್ಟಿ ಏದುಸಿರಿಗೆ ಅಡ್ಡಬಾರದಷ್ಟು ಸಡಿಲವಿರಲಿ. 14 ದಿನಕ್ಕೆ ಮತ್ತೊಮ್ಮೆ. ಗೋಡೆಗೆ ಹೊಡೆಯುವ ಪ್ರಮಾಣ ಬೇರೆ, ಚೀಟಿ ಓದಿ. ಮೂರು ತಿಂಗಳೊಳಗಿನ ಮರಿಗೆ, ಬೆಕ್ಕಿಗೆ ಇದು ಬೇಡ. ಹಣ ಇದ್ದವರು ಫ್ಲುರಾಲನರ್ ಗುಳಿಗೆ ಕೇಳಿ: ಕಿಲೋಗೆ ಕನಿಷ್ಠ 25 ಮಿ.ಗ್ರಾಂ, 12 ವಾರ ಕೆಲಸ ಮಾಡುತ್ತದೆ. ಸೆಳವು ಬರುವ ನಾಯಿಯಾದರೆ ಮೊದಲೇ ಹೇಳಿ.

ಎಮ್ಮೆಗೆ ಚುಚ್ಚಿ ಉಳಿದ ಐವರ್‌ಮೆಕ್ಟಿನ್ ನಾಯಿಗೆ ಹಾಕುವವರಿಗೆ ಲೆಕ್ಕ ತೋರಿಸುತ್ತೇನೆ. 1 ಶೇಕಡಾ ಇಂಜೆಕ್ಷನ್ 50 ಕಿಲೋ ಮೈತೂಕಕ್ಕೆ 1 ಮಿ.ಲೀ. ಅದೇ ಅಳತೆಯಲ್ಲಿ 15 ಕಿಲೋ ನಾಯಿಗೆ ಬರುವುದು 0.3. ನೀವು ಹಾಕುವುದು 2! ನಾಯಿ ಕುರುಡಾಗಿ, ಮಂಕಾಗಿ ಬೀಳುತ್ತದೆ, ಇದಕ್ಕೆ ಪ್ರತ್ಯೌಷಧ ಇಲ್ಲ. ಕೆಲವು ತಳಿಗೆ 0.3 ಕೂಡ ಹೆಚ್ಚೇ. ಮನೆಯಲ್ಲಿ ಹಾಕಲೇಬೇಡಿ.

ಮೂಗಿನಿಂದ ರಕ್ತ, ಜ್ವರ, ಬಿಳಿಚಿದ ವಸಡು ಇದ್ದರೆ ಉಣ್ಣಿಜ್ವರದ ಅನುಮಾನ. ರಕ್ತ ತಪಾಸಣೆ ಮಾಡಿಸಿ. ವೈದ್ಯರು ಡಾಕ್ಸಿಸೈಕ್ಲಿನ್ ಬರೆದರೆ ಅದು ಸಾಮಾನ್ಯವಾಗಿ ಕಿಲೋಗೆ 10 ಮಿ.ಗ್ರಾಂ, 28 ದಿನ, ಊಟದ ಜೊತೆ. ಐದನೆಯ ದಿನ ನಾಯಿ ರೊಟ್ಟಿ ತಿಂದಿತೆಂದು ಗುಳಿಗೆ ನಿಲ್ಲಿಸುತ್ತೀರಿ, ರೋಗ ಒಳಗೇ ಉಳಿದು ಮರಳುತ್ತದೆ.

ಕಲಿಸುವ ಮಾತು ಕೊನೆಗೆ. ದಿನವಿಡೀ ಕಟ್ಟಿದ ನಾಯಿ ಕಾವಲು ಕಾಯುವುದಿಲ್ಲ, ಬಿಟ್ಟ ಕ್ಷಣ ಹಾಲಿನ ಹುಡುಗನನ್ನು ಕಚ್ಚುತ್ತದೆ. ನಾಯಿಯನ್ನು ಓಡಾಡಿಸದೆ ಕಟ್ಟಿಯೇ ಇಟ್ಟರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ, ಮೊದಲ ಸಲ 10ರಿಂದ 50 ರೂಪಾಯಿ ದಂಡ. ಆ ದಂಡಕ್ಕೆ ಯಾರೂ ಹೆದರುವುದಿಲ್ಲ, ನಾನೂ ಅದನ್ನು ನಂಬಿ ಬರೆಯುತ್ತಿಲ್ಲ. ಸೂರ್ಯ ಏರುವ ಮೊದಲು ಅರ್ಧ ಗಂಟೆ ಓಡಾಡಿಸಿ, ಅದರಲ್ಲಿ ಹತ್ತು ನಿಮಿಷ ಪಾಠ. ಕೂರುವುದು, ಕರೆದರೆ ಬರುವುದು, ಬಾಗಿಲಲ್ಲಿ ನಿಲ್ಲುವುದು, ಮೂರೇ ಸಾಕು. ಮನೆಯಲ್ಲಿ ಕನ್ನಡ, ಶೆಡ್ಡಿನಲ್ಲಿ ಮರಾಠಿ, ಪಕ್ಕದ ಮಗ್ಗದವನದು ತೆಲುಗು; ಒಬ್ಬೊಬ್ಬರು ಒಂದೊಂದು ರೀತಿ ಕೂಗಿದರೆ ನಾಯಿ ಯಾರ ಮಾತು ಕೇಳಬೇಕು? ಯಾವ ಭಾಷೆಯಾದರೂ ಸರಿ, ಎಲ್ಲರೂ ಒಂದೇ ಮಾತು ಹಿಡಿಯಿರಿ. ಹೇಳಿದಂತೆ ಮಾಡಿದ ಕೂಡಲೇ ತುಣುಕು ರೊಟ್ಟಿ ಕೊಡಿ, ನಿಮಿಷ ಬಿಟ್ಟು ಕೊಟ್ಟರೆ ಏಕೆ ಸಿಕ್ಕಿತೆಂದು ಅದಕ್ಕೆ ಗೊತ್ತಾಗದು. ಬಿಸಿಲಿಗೆ ಏದುಸಿರು ಬಿಡುವ ನಾಯಿಗೆ ಪಾಠ ಬೇಡ. ಡಾಂಬರು ರಸ್ತೆಗೆ ನಿಮ್ಮ ಅಂಗೈ ಹಿಂಭಾಗ ಒತ್ತಿ ಐದು ಎಣಿಸಿ; ನಿಮಗೆ ತಡೆಯಲಾಗದಿದ್ದರೆ ಅದರ ಪಾದವೂ ತಡೆಯದು.

ಕಚ್ಚುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ: ರೇಬಿಸ್ ಲಸಿಕೆ ಮೂರು ತಿಂಗಳಿಗೆ ಮೊದಲನೆಯದು, ಒಂದು ತಿಂಗಳೊಳಗೆ ಇನ್ನೊಂದು, ಆಮೇಲೆ ವರ್ಷಕ್ಕೊಮ್ಮೆ. ಉಚಿತ ಶಿಬಿರಕ್ಕೆ ಕಾಯುತ್ತ ಕೂರಬೇಡಿ, ಅದು ಬಂದಾಗ ಬರಲಿ. ಕಚ್ಚಿಸಿಕೊಂಡವರು ಮೆಣಸಿನಪುಡಿ ಹಚ್ಚುವುದನ್ನು ಬಿಟ್ಟು ಹರಿಯುವ ನೀರು, ಸಾಬೂನಿನಲ್ಲಿ 15 ನಿಮಿಷ ಗಾಯ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು, ನಾಯಿ ನಿಮ್ಮದೇ ಆದರೂ.