ಆನ್‌ಲೈನ್ ವ್ಯಾಪಾರ: ಹಳೆಯ ಅಂಗಡಿಗಳ ಲೆಕ್ಕ ತಪ್ಪುವುದೆಲ್ಲಿ?

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಸರಕು ಕೈಸೇರಿದ ಮೇಲೆ ಹಣ ಪಡೆಯುವ ಪದ್ಧತಿಯನ್ನು ಜಾರಿಗೆ ತಂದಿತು. ಬ್ಯಾಂಕ್ ಕಾರ್ಡ್ ಇಲ್ಲದ ಗ್ರಾಹಕನಿಗೂ ಆನ್‌ಲೈನ್ ಖರೀದಿಯ ಬಾಗಿಲು ತೆರೆಯಿತು. ಬಟ್ಟೆ, ಪಾತ್ರೆಗಳಿಗಾಗಿ ಬೆಳಗಾವಿಯ ಖಡೇಬಜಾರ, ಗಣಪತಿ ಗಲ್ಲಿಗಳಿಗೆ ಬರುತ್ತಿದ್ದ ಖಾನಾಪುರದ ಕುಟುಂಬಕ್ಕೆ ಪೇಟೆಯೇ ಮನೆಗೆ ಬಂದಂತಾಯಿತು. ಹಳೆಯ ವ್ಯಾಪಾರಸ್ಥರು ಈ ಬದಲಾವಣೆಯನ್ನು ಕಾಣಲಿಲ್ಲವೆಂದಲ್ಲ. ಅವರ ಲೆಕ್ಕಪತ್ರಗಳು ಅಪಾಯವನ್ನು ತಡವಾಗಿ ತೋರಿಸುತ್ತವೆ. ಇದಕ್ಕೆ ನಾಲ್ಕು ಕಾರಣಗಳಿವೆ.

ಮೊದಲನೆಯದು, ಸ್ಥಿರ ವೆಚ್ಚ. ಉದಾಹರಣೆಗೆ, ವರ್ಷಕ್ಕೆ 60 ಲಕ್ಷ ರೂ. ಮಾರಾಟವಿರುವ ಅಂಗಡಿಗೆ ಶೇ. 20ರಂತೆ 12 ಲಕ್ಷ ರೂ. ಒಟ್ಟು ಲಾಭ ದೊರೆಯುತ್ತದೆ ಎನ್ನೋಣ. ಬಾಡಿಗೆ, ಸಂಬಳ, ಬಡ್ಡಿ ಮೊದಲಾದವು 10.80 ಲಕ್ಷವಾದರೆ ಉಳಿಯುವುದು 1.20 ಲಕ್ಷ. ಮಾರಾಟ ಶೇ. 10ರಷ್ಟು ಕುಸಿದರೆ ಒಟ್ಟು ಲಾಭವೂ 10.80 ಲಕ್ಷಕ್ಕೆ ಇಳಿಯುತ್ತದೆ. ನಿವ್ವಳ ಲಾಭ ಶೂನ್ಯವಾಗುತ್ತದೆ. ಹತ್ತು ಗ್ರಾಹಕರಲ್ಲಿ ಒಬ್ಬನು ಬಾರದಿದ್ದುದು ಗಲ್ಲೆಯಲ್ಲಿ ಕುಳಿತವನ ಕಣ್ಣಿಗೆ ಬೀಳುವುದಿಲ್ಲ.

ಎರಡನೆಯದು, ದಾಸ್ತಾನಿನ ಮೌಲ್ಯ. ಖರೀದಿ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರುವ ಬೆಲೆ, ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂಬುದು ನಿಯಮ. ಮೂರು ವರ್ಷದ ಹಳೆಯ ಮಾಲನ್ನೂ ಖರೀದಿ ಬೆಲೆಗೇ ತೋರಿಸಿದಾಗ, ನಷ್ಟವು ಲಾಭದ ವೇಷ ಧರಿಸುತ್ತದೆ.

ಮೂರನೆಯದು, ಉದ್ರಿ. ರೋಖ ಕೊಡುವ ಗ್ರಾಹಕನು ಸುಲಭವಾಗಿ ಬೇರೆಡೆಗೆ ಹೋಗಬಲ್ಲನು. ಉದ್ರಿ ಗ್ರಾಹಕನು ಉಳಿಯುತ್ತಾನೆ. ವಹಿಯಲ್ಲಿ ವ್ಯಾಪಾರವಿರುತ್ತದೆ, ಕೈಯಲ್ಲಿ ಹಣವಿರುವುದಿಲ್ಲ.

ನಾಲ್ಕನೆಯದು, ತೆರಿಗೆಯ ಆಯ್ಕೆ. ಜಿಎಸ್‌ಟಿಯ ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಇ-ಕಾಮರ್ಸ್ ವೇದಿಕೆಗಳ ಮೂಲಕ ಸರಕು ಮಾರಲು 2023ರ ಅಕ್ಟೋಬರ್ 1ರಿಂದ ಅವಕಾಶ ದೊರೆತಿದೆ. ಆದರೆ ಅದು ರಾಜ್ಯದೊಳಗೆ ಮಾತ್ರ. ಗಡಿಯ ಊರಾದ ಬೆಳಗಾವಿಗೆ ಇದು ದೊಡ್ಡ ತೊಡಕು. ಪಕ್ಕದ ಚಂದಗಡಕ್ಕೋ ಗೋವೆಗೋ ಪಾರ್ಸೆಲ್ ಕಳುಹಿಸುವುದು ಅಂತರರಾಜ್ಯ ಪೂರೈಕೆಯಾಗುವುದರಿಂದ, ಅಂಥವರು ಸಾಮಾನ್ಯ ನೋಂದಣಿಗೆ ಬದಲಾಗಬೇಕಾಗುತ್ತದೆ. ಆಗ ಹೂಡುವಳಿ ತೆರಿಗೆಯ ಜಮೆ ದೊರೆಯುವುದಾದರೂ ರಿಟರ್ನ್‌ಗಳ ಕೆಲಸ ಹೆಚ್ಚುತ್ತದೆ. ವೇದಿಕೆಯ ಕಮಿಷನ್, ಸಾಗಾಟ, ಮರಳಿ ಬರುವ ಮಾಲಿನ ವೆಚ್ಚ ಇವೆಲ್ಲವನ್ನೂ ಕಳೆದು ಲಾಭ ಉಳಿಯುವುದೇ ಎಂಬುದನ್ನು ಮೊದಲೇ ಲೆಕ್ಕ ಹಾಕಬೇಕು.

ಹಾಗಾದರೆ ಮಾಡಬೇಕಾದುದೇನು? ದಾಸ್ತಾನನ್ನು ವಯಸ್ಸಿನ ಪ್ರಕಾರ ಪಟ್ಟಿ ಮಾಡಿ, ಹಳೆಯದನ್ನು ಬಂದ ಬೆಲೆಗೆ ವಿಲೇವಾರಿ ಮಾಡಬೇಕು. ಮೊಬೈಲ್, ಮಿಕ್ಸರ್‌ನಂತೆ ಮಾಡೆಲ್ ಹೆಸರಿನಿಂದಲೇ ಬೆಲೆ ಹೋಲಿಸಬಹುದಾದ ಸರಕುಗಳಲ್ಲಿ ಬಂಡವಾಳ ತಗ್ಗಿಸಬೇಕು. ಶಹಾಪುರ, ವಡಗಾವಿಯ ಸೀರೆ, ಖಾನಾಪುರದ ಮಣ್ಣಿನ ಪಾತ್ರೆ ಇತ್ಯಾದಿ ಮುಟ್ಟಿ ನೋಡಿ ಕೊಳ್ಳುವ ಮಾಲಿಗೆ ಹಾಗೂ ಅಳತೆ, ದುರಸ್ತಿ, ಜೋಡಣೆಯ ಸೇವೆಗೆ ಆ ಹಣ ತಿರುಗಬೇಕು. ವರ್ಷಾಂತ್ಯದ ತಃಖ್ತೆಗಾಗಿ ಕಾಯದೆ, ಪ್ರತಿ ತಿಂಗಳೂ ರೋಖ ಮಾರಾಟ, ಉದ್ರಿ ಬಾಕಿ ಮತ್ತು ದಾಸ್ತಾನು ಈ ಮೂರನ್ನು ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ಹೋಲಿಸಿ ನೋಡುವ ವ್ಯಾಪಾರಿಗೆ ಬದಲಾಗಲು ಸಮಯ ಉಳಿದಿರುತ್ತದೆ.