ಗಣಕಯಂತ್ರ ಮತ್ತು ಅಕ್ಷರಶುದ್ಧಿ

ಗಣಕ ಎಂಬ ಶಬ್ದವು ನಮಗೆ ಹೊಸತಲ್ಲ. ಎಣಿಸುವವನು, ಲೆಕ್ಕ ಹಾಕುವವನು ಎಂಬುದು ಅದರ ಅರ್ಥ. ಅಮರಕೋಶವು ಜ್ಯೋತಿಷಿಯ ಪರ್ಯಾಯಪದಗಳಲ್ಲಿ ಅದನ್ನು ಸೇರಿಸಿದೆ. ನಾನು ವಿದ್ವತ್ ತರಗತಿಯಲ್ಲಿ ಓದುತ್ತಿದ್ದಾಗ ಗಣಕನೆಂದರೆ ಪಂಚಾಂಗ ಬಲ್ಲವನೆಂದೇ ಕಂಠಪಾಠ ಮಾಡಿದ್ದೆ. ಇಂದು ಅದೇ ಶಬ್ದಕ್ಕೆ ಯಂತ್ರವೆಂಬುದು ಸೇರಿಕೊಂಡು ನಮ್ಮ ಕಚೇರಿ, ಅಂಗಡಿ, ಶಾಲೆಗಳನ್ನು ಹೊಕ್ಕಿದೆ; ಕೈಯೊಳಗಣ ದೂರವಾಣಿಯ ರೂಪದಲ್ಲಿ ಅಂಗಿಯ ಕಿಸೆಯನ್ನೂ ಸೇರಿದೆ. ರೈತನ ಪಹಣಿ, ಮನೆಯ ಪಡಿತರ ಚೀಟಿ, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲವೂ ಇಂದು ಈ ಯಂತ್ರದ ಬಾಯಿಂದಲೇ ಹೊರಬೀಳುತ್ತವೆ.

ಇಂಥ ಯಂತ್ರದ ವಿಷಯದಲ್ಲಿ ಕನ್ನಡ ಪಂಡಿತನಿಗೆ ಏನು ಕೆಲಸವೆಂದು ವಾಚಕ ಮಹಾಶಯರು ಕೇಳಬಹುದು. ನಾನೂ ಬಹುಕಾಲ ಹಾಗೆಯೇ ಎಣಿಸಿ ದೂರ ನಿಂತಿದ್ದೆ. ಆದರೆ ನನ್ನದೇ ಒಂದು ಬರವಣಿಗೆ ಕೈಬಿಟ್ಟುಹೋಗುವ ಸ್ಥಿತಿ ಒದಗಿದ ಮೇಲೆ, ಈ ಯಂತ್ರವು ಅಕ್ಷರವನ್ನು ಹೇಗೆ ಹಿಡಿದಿಡುತ್ತದೆಂಬುದನ್ನು ಕಲಿಯಬೇಕಾಯಿತು. ಕಲಿತ ಮೇಲೆ ತಿಳಿದುದಿಷ್ಟು: ಅಕ್ಷರ ಕಲಿಸುವವನ ಕೆಲಸವು ಗಣಕಯಂತ್ರದಿಂದ ಮುಗಿದಿಲ್ಲ, ಹೆಚ್ಚಿದೆ. ಇದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಯಂತ್ರದೊಳಗಣ ವರ್ಣಮಾಲೆ

ಗಣಕಯಂತ್ರಕ್ಕೆ ಅಕ್ಷರ ತಿಳಿಯದು. ಸಂಖ್ಯೆ ಮಾತ್ರ ತಿಳಿಯುತ್ತದೆ. ಆದುದರಿಂದ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಬೇಕಾಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಪದ್ಧತಿಯಲ್ಲಿ ಇದ್ದುದು 128 ಸ್ಥಾನಗಳು. ಅವು ಇಂಗ್ಲಿಷಿಗೇ ಮೀಸಲಾಗಿದ್ದವು. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ‘ಇಸ್ಕಿ’ ಎಂಬ ಪದ್ಧತಿಯನ್ನು ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿತು. ಲಿಪಿಗಳ ಆಕಾರ ಬೇರೆಯಾದರೂ ವರ್ಣಮಾಲೆಯ ಕ್ರಮ ಒಂದೇ ಆಗಿರುವುದರಿಂದ ಇದು ಸಾಧ್ಯವಾಯಿತು. ಅದೇ 1991ರಲ್ಲಿ ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನ ಕೊಡುವ ಯೂನಿಕೋಡ್ ಪದ್ಧತಿಯ ಮೊದಲ ಆವೃತ್ತಿಯೂ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ ದೊರೆತುದು 3200ರಿಂದ 3327ರವರೆಗಿನ 128 ಸ್ಥಾನಗಳು. ಅಕಾರವು 3205, ಕಕಾರವು 3221.

ಇಲ್ಲಿ ವೈಯಾಕರಣರು ಗಮನಿಸಬೇಕಾದ ಒಂದು ಸಂಗತಿಯಿದೆ. ಕ್ ಎಂಬ ವ್ಯಂಜನಕ್ಕೆ ಅ ಎಂಬ ಸ್ವರ ಸೇರಿ ಕ ಆಗುತ್ತದೆಂದು ನಾವು ಪಾಠ ಹೇಳುತ್ತೇವೆ. ಯಂತ್ರವಾದರೋ ಅಕಾರಸಹಿತವಾದ ಕ ಎಂಬುದನ್ನೇ ಮೂಲವಾಗಿ ಇಟ್ಟುಕೊಂಡಿದೆ. ಅಕಾರವನ್ನು ತೆಗೆಯಬೇಕಾದರೆ 3277 ಎಂಬ ಸಂಖ್ಯೆಯುಳ್ಳ ವಿರಾಮಚಿಹ್ನೆಯನ್ನು ಸೇರಿಸಬೇಕು. ವ್ಯಾಕರಣವು ಕೂಡಿಸಿ ಪಡೆಯುವುದನ್ನು ಯಂತ್ರವು ಕಳೆದು ಪಡೆಯುತ್ತದೆ, ಫಲ ಒಂದೇ. ಕ್ಷ ಎಂಬುದಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಕಕಾರ, ವಿರಾಮ, ಷಕಾರ ಈ ಮೂರೂ ಕ್ರಮವಾಗಿ ಬಂದಾಗ ಯಂತ್ರವು ತಾನೇ ಅವನ್ನು ಸಂಯುಕ್ತಾಕ್ಷರವಾಗಿ ಬರೆದು ತೋರಿಸುತ್ತದೆ. ‘ಕರ್ನಾಟಕ’ ಎಂಬ ಪದದಲ್ಲಿ ನಮ್ಮ ಎಣಿಕೆಗೆ ನಾಲ್ಕು ಅಕ್ಷರ. ಯಂತ್ರದ ಎಣಿಕೆಗೆ ಕ, ರ, ವಿರಾಮ, ನ, ದೀರ್ಘಚಿಹ್ನೆ, ಟ, ಕ ಎಂದು ಏಳು ಸಂಖ್ಯೆಗಳು.

ಅರ್ಕಾವತ್ತಿನ ವಿಚಾರ ಇನ್ನೂ ಸ್ವಾರಸ್ಯಕರವಾದುದು. ‘ಸೂರ್ಯ’ ಎಂದು ಬರೆಯುವಾಗ ನಾವು ಮೊದಲು ಯಕಾರವನ್ನು ಬರೆದು ಅನಂತರ ಅರ್ಕಾವತ್ತನ್ನು ಇಡುತ್ತೇವೆ. ಉಚ್ಚಾರಣೆಯಲ್ಲಿಯಾದರೆ ರೇಫವೇ ಮೊದಲು. ಮಕ್ಕಳು ಇಲ್ಲಿ ಎಡವುವುದು ಎಲ್ಲ ಅಧ್ಯಾಪಕರಿಗೂ ತಿಳಿದ ಮಾತು. ಯಂತ್ರವು ಕೈಯ ಕ್ರಮವನ್ನು ಬಿಟ್ಟು ನಾಲಗೆಯ ಕ್ರಮವನ್ನು ಹಿಡಿದಿದೆ. ರಕಾರ, ವಿರಾಮ, ಯಕಾರ ಎಂದೇ ಅದು ನೆನಪಿನಲ್ಲಿಡುತ್ತದೆ. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಬಳಕೆಗೆ ಬಂದಿರುವ ಕೀಲಿಮಣೆಯೂ ಇದೇ ತತ್ತ್ವವನ್ನು ಅನುಸರಿಸಿದೆ. ಅಕ್ಷರದ ಆಕಾರವನ್ನು ತುಂಡುತುಂಡಾಗಿ ಒತ್ತುವ ಬೆರಳಚ್ಚು ಯಂತ್ರದ ಕಷ್ಟ ಅದರಲ್ಲಿಲ್ಲ. ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಸಾಕು. ಪದವನ್ನು ಬಿಡಿಸಿ ಉಚ್ಚರಿಸಲು ಬಲ್ಲ ವಿದ್ಯಾರ್ಥಿಗೆ ಇದು ಕೆಲವೇ ದಿನಗಳ ಅಭ್ಯಾಸ. ಬಿಡಿಸಲು ಬಾರದವನಿಗೆ ಯಾವ ಕೀಲಿಮಣೆಯೂ ಸುಲಭವಲ್ಲ.

ಬಳಕೆ ತಪ್ಪಿದ ಅಕ್ಷರಗಳಿಗೂ ಈ ಪಟ್ಟಿಯಲ್ಲಿ ಸ್ಥಾನ ದೊರೆತಿದೆ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಿದ್ದಾನೆ. ಹಳಗನ್ನಡದ ಆ ರಳ, ಅಂದರೆ ೞ, ಇಲ್ಲಿ 3294ನೆಯ ಸ್ಥಾನದಲ್ಲಿದೆ. ಆದರೆ ಅದಕ್ಕೆ ಇಟ್ಟ ಹೆಸರು ತಪ್ಪಿತು. ಪಟ್ಟಿಯಲ್ಲಿ ಅದನ್ನು ‘ಕನ್ನಡ ಅಕ್ಷರ ಫ’ ಎಂಬರ್ಥದ ಇಂಗ್ಲಿಷ್ ಹೆಸರಿನಿಂದ ದಾಖಲಿಸಲಾಯಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಯೂನಿಕೋಡಿನ ನಿಯಮ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಅದರ ಪಕ್ಕದಲ್ಲಿ ತಿದ್ದುಪಡಿ ಮಾತ್ರ ಸೇರಿದೆ. ಪಟ್ಟಿ ಮಾಡುವ ಹೊತ್ತಿಗೆ ಹಳಗನ್ನಡ ಬಲ್ಲವರೊಬ್ಬರು ಅದರ ಮೇಲೆ ಕಣ್ಣಾಡಿಸಿದ್ದರೆ ಇದು ತಪ್ಪುತ್ತಿತ್ತೆಂದು ನನ್ನ ಎಣಿಕೆ.

2. ಕಣ್ಣಿಗೆ ಒಂದು, ಯಂತ್ರಕ್ಕೆ ಇನ್ನೊಂದು

ಮನುಷ್ಯನಾದ ಓದುಗನು ತಪ್ಪನ್ನು ಒಪ್ಪವಾಗಿ ಓದಿಕೊಳ್ಳುತ್ತಾನೆ. ‘ಸಿವಪ್ಪ’ ಎಂದು ಬರೆದಿದ್ದರೂ ಶಿವಪ್ಪನೆಂದು ಗ್ರಹಿಸುತ್ತಾನೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ. ಅದಕ್ಕೆ ಶಿವಪ್ಪ ಬೇರೆ, ಸಿವಪ್ಪ ಬೇರೆ. ಇಬ್ಬರೂ ಒಬ್ಬರೇ ಎಂಬುದನ್ನು ಮತ್ತಾರಾದರೂ ಹೇಳಬೇಕು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರದ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಪಹಣಿಯಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು ಬಗೆಯಾಗಿ ಹೆಸರಿದ್ದರೆ ರೈತನು ಪ್ರಮಾಣಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಶಕಾರ ಸಕಾರಗಳ ಭೇದವು ಪಂಡಿತರ ಹಟವೆಂದು ನಗುತ್ತಿದ್ದವರು ಇಂದು ಅದಕ್ಕಾಗಿ ಬಸ್ಸಿನ ಖರ್ಚು ತೆರುತ್ತಿದ್ದಾರೆ.

ಕಣ್ಣಿಗೆ ಕಾಣದ ತಪ್ಪುಗಳೂ ಉಂಟು. ಕನ್ನಡದ ಸೊನ್ನೆಯೂ ಅನುಸ್ವಾರವೂ ಆಕಾರದಲ್ಲಿ ಒಂದೇ. ಯಂತ್ರಕ್ಕೆ ಅನುಸ್ವಾರವು 3202, ಅಂಕಿಯ ಸೊನ್ನೆಯು 3302. ಎರಡಕ್ಕೂ ನಡುವೆ ನೂರರ ಅಂತರ. ‘ಗಂಗಾ’ ಎಂಬಲ್ಲಿ ಅನುಸ್ವಾರದ ಬದಲು ಅಂಕಿಯ ಸೊನ್ನೆಯನ್ನು ಒತ್ತಿದರೆ ಹಾಳೆಯ ಮೇಲೆ ದೋಷ ಕಾಣುವುದಿಲ್ಲ. ಆದರೆ ಆ ಹೆಸರನ್ನು ಹುಡುಕಲು ಹೇಳಿದಾಗ ಯಂತ್ರವು ಅಂಥ ಹೆಸರೇ ಇಲ್ಲವೆನ್ನುತ್ತದೆ.

ಅಕಾರಾದಿ ಕ್ರಮದಲ್ಲಿಯೂ ಎಚ್ಚರ ಬೇಕು. ನಮ್ಮ ವರ್ಣಮಾಲೆಯಲ್ಲಿ ಹಕಾರದ ಅನಂತರ, ಎಲ್ಲಕ್ಕೂ ಕೊನೆಗೆ ಳಕಾರ. ಯೂನಿಕೋಡ್ ಪಟ್ಟಿಯಲ್ಲಿ ಅದು ಲಕಾರದ ಮಗ್ಗುಲಲ್ಲಿ, ವಕಾರಕ್ಕೆ ಮೊದಲೇ ಕುಳಿತಿದೆ. ಬರಿಯ ಸಂಖ್ಯೆಯ ಕ್ರಮವನ್ನೇ ಹಿಡಿದರೆ ಹಾಜರಿ ಪಟ್ಟಿಯಲ್ಲಿ ಕಸ್ತೂರಿಗಿಂತ ಮೊದಲು ಕಳಕಪ್ಪನು ಬರುತ್ತಾನೆ. ಇದನ್ನು ಸರಿಪಡಿಸಲು ಯಂತ್ರಕ್ಕೆ ಪ್ರತ್ಯೇಕ ಸೂತ್ರವನ್ನು ಕೊಡಬೇಕು. ಆ ಸೂತ್ರವನ್ನು ಹೇಳತಕ್ಕವನು ವರ್ಣಮಾಲೆಯನ್ನು ಬಲ್ಲವನೇ ಆಗಬೇಕು.

3. ಅಕ್ಷರವು ಬರಿಯ ಚಿತ್ರವಾದಾಗ

ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡವನ್ನು ಯಂತ್ರದಲ್ಲಿ ಬರೆಯುತ್ತಿದ್ದ ಬಗೆ ಬೇರೆ. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ಕನ್ನಡ ಅಕ್ಷರಗಳ ತುಂಡುಚಿತ್ರಗಳನ್ನು ಕೂಡಿಸಿದ್ದರು. ತಲೆಕಟ್ಟು, ಒತ್ತು, ಕೊಂಬುಗಳೆಲ್ಲ ಚಿತ್ರಗಳು. ಅದಕ್ಕೆ ತಕ್ಕ ಅಕ್ಷರವಿನ್ಯಾಸ ಆ ಯಂತ್ರದಲ್ಲಿದ್ದರೆ ಕನ್ನಡ. ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಆ ಕಾಲಕ್ಕೆ ಅದೇ ದಾರಿಯಿತ್ತು. ಅದರಿಂದ ಎಷ್ಟೋ ಪುಸ್ತಕಗಳು ಅಚ್ಚಾದವು, ಅದನ್ನು ಹಳಿಯುವುದು ತರವಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರವಿನ್ಯಾಸ ದೊರೆತರೂ ಹಳೆಯ ರೂಢಿ ಬಹುಕಾಲ ಬಿಡಲಿಲ್ಲ.

ನನ್ನ ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ಹಳ್ಳಿಯ ಹಿರಿಯ ಒಕ್ಕಲಿಗರ ಬಾಯಿಂದ ಒಕ್ಕಲುತನದ ಪದಗಳನ್ನು ಹಲವು ವರ್ಷ ಸಂಗ್ರಹಿಸಿದ್ದೆ. ರಂಟೆ, ಕೂರಿಗೆ, ಎಡೆಕುಂಟೆ, ಜತ್ತಿಗೆ, ಮಿಣಿ, ಮೇಟಿ, ಹಂತಿ ಮೊದಲಾದ ಸುಮಾರು ಎರಡು ಸಾವಿರ ಪದಗಳು, ಒಂದೊಂದಕ್ಕೆ ಒಂದೊಂದು ಚೀಟಿ. 2003ರಲ್ಲಿ ಒಂದು ಮುದ್ರಣಾಲಯದಲ್ಲಿ ಅವನ್ನು ಗಣಕಯಂತ್ರಕ್ಕೆ ಏರಿಸಿ ತಟ್ಟೆಯೊಂದರಲ್ಲಿ ತುಂಬಿಸಿಕೊಂಡು ಬಂದೆ. ಇನ್ನು ಚೀಟಿಗಳ ಹಂಗಿಲ್ಲವೆಂದು ಅವನ್ನು ಅಟ್ಟದ ಮೇಲಿಟ್ಟೆ. ಹದಿನಾರು ವರ್ಷಗಳ ಅನಂತರ ಆ ತಟ್ಟೆಯನ್ನು ಹೊಸ ಯಂತ್ರದಲ್ಲಿ ತೆರೆದಾಗ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ಅಟ್ಟ ಹತ್ತಿ ನೋಡಿದರೆ ಒಂದು ಕಟ್ಟಿಗೆ ಗೆದ್ದಲು ಹತ್ತಿತ್ತು.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ಮಾರ್ಪಡಿಸುವ ತಂತ್ರಾಂಶದಿಂದ ಅದನ್ನು ಮರಳಿ ಕನ್ನಡಕ್ಕೆ ತಂದುಕೊಟ್ಟನು. ಆದರೆ ಅರ್ಕಾವತ್ತುಗಳು ಅಲ್ಲಲ್ಲಿ ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು, ಒತ್ತುಗಳು ಕಳಚಿಬಿದ್ದಿದ್ದವು. ಒಂದು ಬೇಸಗೆಯ ರಜೆಯನ್ನೆಲ್ಲ ಚೀಟಿಗಳೊಡನೆ ತಾಳೆ ನೋಡುವುದರಲ್ಲಿ ಕಳೆದೆ. ಗೆದ್ದಲು ತಿಂದ ನಲವತ್ತು ಚೀಟಿಗಳಿಗೆ ಯಂತ್ರದ ಪ್ರತಿಯೇ ಆಧಾರವಾಯಿತು. ಉಳಿದವಕ್ಕೆಲ್ಲ ಚೀಟಿಯೇ ಆಧಾರ. ಆ ನಲವತ್ತರಲ್ಲಿ ಮೂರು ಪದಗಳು ಇಂದಿಗೂ ನಿರ್ಣಯವಾಗಿಲ್ಲ. ಯಂತ್ರದ ಪ್ರತಿಯಲ್ಲಿ ಲಕಾರವಿದೆ; ಆದರೆ ಅಕ್ಷರ ಜೋಡಿಸಿದವರು ಬೇರೆಡೆಗಳಲ್ಲಿ ಳಕಾರಕ್ಕೆ ಲಕಾರವನ್ನು ಒತ್ತಿರುವುದು ಚೀಟಿಗಳಿಂದ ಖಚಿತವಾಗಿದೆ. ಕೇಳಿ ತಿಳಿಯೋಣವೆಂದರೆ ಆ ಪದಗಳನ್ನು ಹೇಳಿದ ಹಿರಿಯರು ಇಂದು ಇಲ್ಲ. ಆ ಮೂರು ಪದಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ಬಿಟ್ಟಿದ್ದೇನೆ.

ಪ್ರತಿ ಮಾಡುವವನ ಎಚ್ಚರ ಎಷ್ಟು ಮುಖ್ಯವೆಂಬುದು ನಮ್ಮ ಪರಂಪರೆಗೆ ತಿಳಿಯದುದಲ್ಲ. ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚಿಗೆ ತಂದರು. ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು ಯೂನಿಕೋಡ್ ರೂಪದಲ್ಲಿ ದೊರೆಯುತ್ತವೆ. ಒಂದು ಪದವು ಎಲ್ಲೆಲ್ಲಿ ಬಂದಿದೆಯೆಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಗರಿಯಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ ಬರುವಾಗ ಪ್ರತಿ ಹೆಜ್ಜೆಯಲ್ಲೂ ಒಬ್ಬ ಓದಬಲ್ಲ ಮನುಷ್ಯನು ತಾಳೆ ನೋಡಿದುದರಿಂದಲೇ ಇದು ಸಾಧ್ಯವಾಯಿತು.

4. ನಮ್ಮ ಕರ್ತವ್ಯ

ಅಧ್ಯಾಪಕ ಮಿತ್ರರಲ್ಲಿ ನನ್ನ ಮೊದಲ ವಿಜ್ಞಾಪನೆ. ಮಕ್ಕಳು ದೂರವಾಣಿಯಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ಕಂಡು ಬರಿದೆ ಗದರಿಸಿ ಫಲವಿಲ್ಲ. ಅಲ್ಲಿ ಲಕಾರ ಳಕಾರ, ನಕಾರ ಣಕಾರಗಳ ಭೇದ ಅಳಿದುಹೋಗುವುದನ್ನು ತೋರಿಸಿ, ಕನ್ನಡದ ಕೀಲಿಮಣೆಯನ್ನು ವ್ಯಾಕರಣ ಪಾಠದೊಡನೆಯೇ ಕಲಿಸೋಣ. ಸಂಯುಕ್ತಾಕ್ಷರವನ್ನು ಬಿಡಿಸುವ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ತೋರದು.

ಹಳೆಯ ವಿದ್ಯಾರ್ಥಿಗಳಲ್ಲಿ ಎರಡನೆಯದು. ನಮ್ಮ ಶಾಲೆಯ ಹಿಂದಿನ ವಾರ್ಷಿಕ ಸಂಚಿಕೆಗಳಲ್ಲಿ ಹಲವು, ನನ್ನ ಪದಸಂಗ್ರಹದಂತೆಯೇ, ಹಳೆಯ ಅಕ್ಷರವಿನ್ಯಾಸಗಳಲ್ಲಿ ಉಳಿದಿವೆ. ದಿವಂಗತರಾದ ಗುರುಗಳ ಲೇಖನಗಳೂ ನಿಮ್ಮ ಬಾಲ್ಯದ ಬರವಣಿಗೆಗಳೂ ಅವುಗಳಲ್ಲಿವೆ. ಅವನ್ನು ಯೂನಿಕೋಡಿಗೆ ತರುವ ಕೌಶಲ ನಿಮ್ಮಲ್ಲಿದೆ, ತಾಳೆ ನೋಡುವ ಕೆಲಸಕ್ಕೆ ನಾವಿದ್ದೇವೆ. ಅಚ್ಚಾದ ಪ್ರತಿಯನ್ನು ಮಾತ್ರ ಯಾರೂ ಕೈಬಿಡಬಾರದು.

ದಾನಿಗಳಲ್ಲಿ ಮೂರನೆಯದು. ತಾವು ಉದಾರವಾಗಿ ಯಂತ್ರಗಳನ್ನು ಕೊಟ್ಟಿದ್ದೀರಿ. ಶಾಲೆಯು ಅದಕ್ಕೆ ಋಣಿ. ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಕರಡು ತಿದ್ದಬಲ್ಲ ಒಬ್ಬ ತರುಣನಿಗೆ ಎರಡು ವರ್ಷದ ವೇತನ ದೊರೆತರೆ, ಅವನು ತಿದ್ದಿಟ್ಟ ಅಕ್ಷರಗಳು ಮುಂದೆ ಬರುವ ಎಷ್ಟು ಯಂತ್ರಗಳಿಗಾದರೂ ಸಲ್ಲುತ್ತವೆ.

ಮುಂದಿನ ಸಂಚಿಕೆ ಹೊರಬರುವ ವೇಳೆಗೆ ಹಿಂದಿನ ಹತ್ತು ವರ್ಷಗಳ ಸಂಚಿಕೆಗಳಾದರೂ ಹೀಗೆ ಶುದ್ಧರೂಪದಲ್ಲಿ ದೊರೆಯುವಂತಾಗಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.